ಪಾತಮ್ಮನ ಬಲಗೆನ್ನೆ

ಚಳ್ಳಕೆರೆಯ ಎಣ್ಣೆ ಡಬ್ಬಿಗೆ ಗಿಣಿ, ಮೊಳಕಾಲ್ಮೂರಿನ ಸೀರೆ ಪೆಟ್ಟಿಗೆಗೆ ನವಿಲು, ನಾಟಕದ ಕರಪತ್ರಕ್ಕೆ ಗದೆ ಹೊತ್ತ ಭೀಮ. ಈ ಸೀಮೆಯ ಅಚ್ಚುಕೂಟಗಳಿಗೆ ನಲವತ್ತು ವರ್ಷ ಮರದ ಅಚ್ಚು ಕೆತ್ತಿಕೊಟ್ಟವನು ಹುಲಿಯಪ್ಪ. ಕುರಿ ಕಾಯುವಾಗ ಬೇವಿನ ತುಂಡು ಕೆತ್ತಿ ಕೆತ್ತಿ ತಾನೇ ಕಲಿತ ವಿದ್ಯೆ. ಹಲಗೆಯಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ ಬೀಳುತ್ತದೆ. ಹಾಗಾಗಿ ಎಲ್ಲವನ್ನೂ ತಿರುಗಿಸಿಯೇ ಕೆತ್ತಬೇಕು. ಒಂದು ಸಲವೂ ಅವನ ಭೀಮನ ಗದೆ ಎಡಗೈಗೆ ಹೋದದ್ದಿಲ್ಲ.

ಕಂಪ್ಯೂಟರ್ ಬಂದ ಮೇಲೆ ಕೆಲಸ ನಿಂತಿತು. ಮಗ ಮಾರುತಿ ಪರಶುರಾಂಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟ.

ಹೋದ ವರ್ಷ ಹೆಂಡತಿ ಪಾತಮ್ಮ ತೀರಿಕೊಂಡಳು. ಪಟ ತೆಗೆಯಲು ಫೋನು ಎತ್ತಿದರೆ ಮುಖಕ್ಕೆ ಸೆರಗು ಮುಚ್ಚಿಕೊಳ್ಳುತ್ತಿದ್ದ ಹೆಂಗಸು. ಉಳಿದದ್ದು ಆಧಾರ್ ಕಾರ್ಡಿನ ಪಟವೊಂದೇ.

“ಅದನ್ನೇ ದೊಡ್ಡದು ಮಾಡಿ ಹಾಕ್ತೀನಪ್ಪ,” ಅಂದ ಮಾರುತಿ.

“ಅದ್ರಾಗೆ ಬಲಗೆನ್ನೆ ಮಚ್ಚೆನೇ ಕಾಣಲ್ಲ ಕಣಲೇ. ಮಚ್ಚೆ ಇಲ್ದ ಪಾತಮ್ಮ ಯಾವಳೋ? ಕುರಿ ಕದ್ದು ಸಿಕ್ಕಿಬಿದ್ದೋಳಂಗೆ ಮುಖ ಮಾಡವ್ಳೆ. ನಾನೇ ಕೆತ್ತುತೀನಿ.”

ಅನ್ನ ನೀರಿನ ಕಡೆ ನೋಡದೆ ಕೆತ್ತಿದ. ಹನ್ನೊಂದನೇ ದಿನದ ಕಾರ್ಯಕ್ಕೆ ಹಲಗೆಗೆ ಮಸಿ ಹಚ್ಚಿ ಕಾಗದ ಒತ್ತಿ ತೆಗೆದ. ಅದೇ ಹಣೆ, ಅದೇ ನಗು. ಮಚ್ಚೆ ಮಾತ್ರ ಎಡಗೆನ್ನೆಗೆ ಹೋಗಿತ್ತು. ಜೀವಮಾನವೆಲ್ಲ ತಿರುಗಿಸಿ ಕೆತ್ತಿದ ಕೈ, ಹೆಂಡತಿಯನ್ನು ಕಣ್ಣಿಗೆ ಕಂಡಂತೆಯೇ ಕೆತ್ತಿಬಿಟ್ಟಿತ್ತು.

“ಎದ್ದು ಬರ್ತಾಳೇನೋ ಅನ್ನಂಗೈತೆ,” ಅಂದರು ನೆಂಟರು. ಯಾರಿಗೂ ತಪ್ಪು ಕಾಣಲಿಲ್ಲ. ಮಾರುತಿ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ. ತಪ್ಪು ಗೊತ್ತಿದ್ದದ್ದು ಹುಲಿಯಪ್ಪನೊಬ್ಬನಿಗೇ. ವರ್ಷದ ತಿಥಿಯೊಳಗೆ ಸರಿಮಾಡಿಬಿಡಬೇಕೆಂದು ಹೊಸ ಹಲಗೆ ಹಿಡಿದ. ಈ ಸಲ ಒಂದೊಂದು ಗೀಟನ್ನೂ ಎಚ್ಚರದಿಂದ ತಿರುಗಿಸಿದ. ಮುದಿಗಣ್ಣಿಗೆ ಹನ್ನೊಂದು ತಿಂಗಳು ಹಿಡಿಯಿತು.

ತಿಥಿಯ ಹಿಂದಿನ ದಿನ ಕಾಗದ ಎತ್ತಿದರೆ, ಪಾತಮ್ಮ ಬಂದಿದ್ದಳು, ಬಲಗೆನ್ನೆಯ ಮಚ್ಚೆ ಸಮೇತ. ಮುದುಕ ಮಸಿಗೈಯಲ್ಲೇ ಕಣ್ಣೊರೆಸಿಕೊಂಡು ಮಗನನ್ನು ಕರೆದ.

ಮಾರುತಿ ಕಾಗದ ನೋಡಿದ. ಗೋಡೆ ನೋಡಿದ.

“ಚೆನ್ನಾಗೈತಪ್ಪ. ಆದ್ರೆ ಅವ್ವನ ಮಚ್ಚೆ ಉಲ್ಟಾ ಬಂದೈತಲ್ಲ. ನಿಂಗೂ ವಯಸ್ಸಾತು ಬಿಡು.”

“ಯಾವ ಕಡೆ ಇತ್ತಲೇ ನಿಮ್ಮವ್ವಂಗೆ?”

“ಎಡಕ್ಕೆ. ದಿನಾ ದೀಪ ಹಚ್ಚುವಾಗ ನೋಡಲ್ವಾ ನಾನು?”

ಹೆತ್ತವಳ ಕೆನ್ನೆಯನ್ನು ಮಗ ಮರೆತಿದ್ದ. ಮರೆಸಿದ್ದು ಹುಲಿಯಪ್ಪನದೇ ಉಳಿ.

“ಹೂಂ ಕಣಪ್ಪ. ತಪ್ಪಾತು,” ಅಂದ ಮುದುಕ. ಕಾಗದವನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಮಸಿ ಇನ್ನೂ ಆರಿರಲಿಲ್ಲ.