ಫ್ರೆಂಚಣ್ಣನ ಪಟ್ಟಿ

ಇವತ್ತು ಬೆಳಿಗ್ಗೆ ಕಪಾಟು ಜಾಡಿಸುತ್ತಿದ್ದಾಗ, ನಾನು ಎಂದೂ ಹತ್ತನೆಯ ಪುಟ ದಾಟದ ಮಲಯಾಳಂ ಕೈಪಿಡಿಯೊಳಗಿಂದ ಒಂದು ಪೇಪರ್ ತುಂಡು ಬಿತ್ತು. ತಿರುವಿನಲ್ಲಿ ಮೊಣಕಾಲು ನೆಲಕ್ಕೆ ಉಜ್ಜುವಷ್ಟು ಬೈಕು ಬಾಗಿಸಿದ ಫ್ರೆಂಚ್ ರೇಸರ್ ಒಬ್ಬನ ಚಿತ್ರ. ಅವನ ಹೆಸರಿನಲ್ಲಿ ಯಾವ ಅಕ್ಷರ ಉಚ್ಚರಿಸಬೇಕು, ಯಾವುದನ್ನು ನುಂಗಬೇಕು ಎಂದು ತಿಳಿಯದೆ ನಾವು ಅವನನ್ನು ಫ್ರೆಂಚಣ್ಣ ಎಂದೇ ಕರೆಯುತ್ತಿದ್ದೆವು.

ನಾವು ಎಂದರೆ ನಾನು ಮತ್ತು ಹುಬ್ಬಳ್ಳಿಯ ಶ್ರೀಧರ. ಎರಡು ಸಾವಿರದ ದಶಕದ ಮಾತು ನೋಡಿ. ಇಬ್ಬರೂ ಮಲಯಾಳ ನಾಡಿನ ಕಲೂರಿನ ಬ್ಯಾಂಕೊಂದರಲ್ಲಿ ಗುಮಾಸ್ತರು. ವಾಸ ತ್ರಿಪ್ಪುಣಿತ್ತುರದ ಅಮ್ಮಿಣಿ ಚೇಚಿಯ, ಎಂದರೆ ಅಮ್ಮಿಣಿ ಅಕ್ಕನ, ಮನೆಯ ಮಹಡಿಯಲ್ಲಿ. ಭಾನುವಾರ ಸಂಜೆ ರೇಸು ನೋಡಲು ಕೆಳಗಿನ ಅವರ ಟೀವಿಯೇ ಗತಿ. ಚೇಚಿ ಬಾಳೆಹಣ್ಣಿನ ಪಳಂಪೊರಿ ಕರಿದು ಕೊಟ್ಟು ತಾವೂ ಕೂರುತ್ತಿದ್ದರು. ಫ್ರೆಂಚಣ್ಣ ಬಿದ್ದರೆ ಮೂವರೂ ಒಟ್ಟಿಗೆ ಅಯ್ಯೋ ಎನ್ನುತ್ತಿದ್ದೆವು. ಅದಕ್ಕೆ ಅವನು ಅವಕಾಶವನ್ನು ಧಾರಾಳವಾಗಿಯೇ ಕೊಡುತ್ತಿದ್ದ.

ಶ್ರೀಧರ ಬಡ್ತಿ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಉಳಿದದ್ದು ಒಂದೇ ಅವಕಾಶ.

"ಫ್ರೆಂಚಣ್ಣ ಹತ್ತ ವರ್ಷದಾಗ ಒಂದೂ ರೇಸ್ ಗೆದ್ದಿಲ್ಲ. ಆದ್ರ ಮತ್ತ ಬಂದು ನಿಲ್ತಾನ ನೋಡು. ಇಂವಾ ನಿಂತ್ರ ನಾನೂ ಪರೀಕ್ಷಾಕ್ಕ ಕೂಡತೇನಿ," ಎನ್ನುತ್ತಿದ್ದ. ನಾನೋ ಮಹಾ ವಿವೇಕಿ. ಇಂಥ ಪರೀಕ್ಷೆಗಳೆಲ್ಲ ವ್ಯರ್ಥವೆಂದು ಅರ್ಜಿಯನ್ನೇ ಹಾಕಿರಲಿಲ್ಲ.

ಪರೀಕ್ಷೆಗೆ ವಾರವಿದ್ದಾಗ ಮುಂದಿನ ವರ್ಷದ ರೇಸರುಗಳ ಪಟ್ಟಿ ಪೇಪರಿನಲ್ಲಿ ಬಂತು. ಫ್ರೆಂಚಣ್ಣನ ಹೆಸರಿರಲಿಲ್ಲ. ಶ್ರೀಧರ ಮಂಕಾಗಿ ಕೆಳಗಿಳಿದು ತನ್ನ ಹರಕು ಮಲಯಾಳದಲ್ಲಿ ವರದಿ ಒಪ್ಪಿಸಿದ: "ಚೇಚಿ, ಪಟ್ಟಿ ವನ್ನು. ಫ್ರೆಂಚಣ್ಣ ಪೋಯಿ." ಇನ್ನು ತಾನು ಪರೀಕ್ಷೆ ಬರೆಯುವುದಿಲ್ಲವೆಂದೂ ಸೇರಿಸಿದ.

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ನಾಯಿ ಬಂತು, ಫ್ರೆಂಚಣ್ಣ ಹೋದ! ಬೈಕಿಗೆ ನಾಯಿ ಅಡ್ಡ ಬಂದು ಅವನು ಸತ್ತೇಹೋದನೆಂದು ಚೇಚಿ ಬಾಯಿಗೆ ಸೆರಗೊತ್ತಿ ಅತ್ತೇಬಿಟ್ಟರು. ತನ್ನ ಪರೀಕ್ಷೆಗೂ ಇಷ್ಟು ಅಳುವವರಿದ್ದಾರಲ್ಲ ಎಂದು ಇವನ ಕಣ್ಣೂ ತುಂಬಿತು. ಅವರು ದೀಪ ಹಚ್ಚಲು ಎದ್ದಾಗ ನನಗೆ ಹೊಳೆಯಿತು. ಕೈಪಿಡಿಯ ಮೊದಲ ಹತ್ತು ಪುಟಗಳಲ್ಲಿ ನಾಯಿ ಇತ್ತು.

"ನಾಯಿಯಲ್ಲ ಚೇಚಿ, ಲಿಸ್ಟ್! ಕೆಲಸ ಹೋಗಿದೆ, ಅಷ್ಟೇ," ಎಂದು ತಿಳಿಸಿ ಹೇಳಿದೆ.

ಚೇಚಿ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಶ್ರೀಧರನ ಕಡೆ ತಿರುಗಿ ಗದರಿದರು: "ಆಳ್ ಜೀವನೋಡೆ ಉಂಡಲ್ಲೋ! ಪಿನ್ನೆ ನೀ ಎಂದಿನಾ ಪರೀಕ್ಷ ಕಳಯುನ್ನೆ?" ಆಸಾಮಿ ಜೀವಂತ ಇದ್ದಾನಲ್ಲ, ಮತ್ತೆ ನೀನ್ಯಾಕೆ ಪರೀಕ್ಷೆ ಕೈಬಿಡುತ್ತೀ ಎಂದು. ಸುಮ್ಮನೆ ಅಳಿಸಿದ ತಪ್ಪಿಗೆ ಅವನು ಬರೆಯಲೇಬೇಕಾಯಿತು. ಪಾಸಾಗಿ ತಿರುವನಂತಪುರದ ಪಟ್ಟಂ ಕಚೇರಿಗೆ ಅಧಿಕಾರಿಯಾಗಿ ಹೋದ.

ಮರುವರ್ಷ, ಗಾಯಗೊಂಡ ಯಾರದೋ ಬದಲಿಗೆ ಫ್ರೆಂಚಣ್ಣ ಒಂದೇ ಒಂದು ರೇಸು ಓಡಿಸಿ ಹದಿಮೂರನೆಯವನಾದ. ಶ್ರೀಧರ ಇಡೀ ಕಚೇರಿಗೆ ಲಾಡು ಹಂಚಿದ. ಅವನನ್ನು ನೋಡಲು ಹೋಗಿದ್ದ ನಾನೂ ತಿಂದೆ, ನಗುನಗುತ್ತಲೇ.

ಈಗ ನಾನು ನಿವೃತ್ತ, ಗುಮಾಸ್ತನಾಗಿಯೇ. ಕಪಾಟು ಹಾಗೇ ಬಿಟ್ಟು ಶ್ರೀಧರನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಹೇಳಿಬಿಟ್ಟೆ: "ಫೇಲಾಗ್ತೀನಿ ಅನ್ನೋ ಭಯಕ್ಕೇ ನಾನು ಬರೀಲಿಲ್ಲ ಕಣೋ. ನಿನ್ನ ಕಂಡು ಹೊಟ್ಟೆ ಉರೀತಿತ್ತು."

ಆ ಕಡೆಯಿಂದ ಜೋರು ನಗು.

"ಗೊತ್ತಿತ್ತಲೇ. ಅದಕ್ಕs ಎಲ್ಲಾರಿಗೂ ಒಂದೊಂದು, ನಿನಗಷ್ಟ ಎರಡು ಲಾಡು ಕೊಟ್ಟಿದ್ದೆ."