ಸ್ಟೀರಿಂಗಿಗೆ ಹದ ಕಲಿಸಿದ ಮಾಸ್ತರರು

ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳುಗಳನ್ನು ಅರ್ಧ ಮಡಚಿ, ಯಾರಿಗೂ ಕಾಣದ ಚಕ್ರವೊಂದನ್ನು ಹಿಡಿದವರ ಹಾಗೆ ಅವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಮಂಡಿನೋವಿನ ಮನುಷ್ಯ, ಆದರೂ ಪಕ್ಕದ ಕಂಬಿ ಹಿಡಿಯುತ್ತಿರಲಿಲ್ಲ. ಎದುರು ಸಿಕ್ಕವರು ನಮಸ್ಕಾರ ಹೇಳಿದರೆ ತಲೆ ಅಲ್ಲಾಡಿಸುವುದಷ್ಟೇ, ಕೈ ಇಳಿಸುವ ಮಾತಿಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕವನ್ನೂ ಮೇಲೆ ದೂಡದೆ, ಬಾಗಿಲನ್ನು ಮೊಣಕೈಯಿಂದ ತಳ್ಳಿ ಒಳಗೆ ಬಂದು, ಟಿವಿಯ ಎದುರಿನ ಕುರ್ಚಿಯಲ್ಲಿ ಕೂತು, ಅಲ್ಲಿದ್ದ ಆಟದ ಸ್ಟೀರಿಂಗ್ ಮೇಲೆ ಆ ಕೈಗಳನ್ನು ಇಡುತ್ತಿದ್ದರು. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ. ಆಮೇಲೆ ಮುಖ ಸಿಂಡರಿಸಿ, “ಇಲ್ಲ, ಇನ್ನೂ ಸುಳ್ಳು ಹೇಳ್ತದೆ ಇದು,” ಎಂದು ಮತ್ತೆ ಕೆಳಗಿಳಿಯುತ್ತಿದ್ದರು.

ನಾನು ಮಾಸ್ತರರನ್ನು ಮೊದಲು ನೋಡಿದ್ದೇ ಹೀಗೆ. ಅಂಕೋಲೆಯ ಡ್ರೈವಿಂಗ್ ಸ್ಕೂಲಿನ ಮಹಡಿಯಲ್ಲಿ, ಹೆಸರು ಬರೆಸಲು ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಅರ್ಧ ತಾಸಿನಲ್ಲಿ ನಾಲ್ಕು ಸಲ ಹತ್ತಿ ಇಳಿದರು. ಇವರ ಕೈಯಲ್ಲಿ ಕಲಿತು ನಾನು ಉದ್ಧಾರವಾದ ಹಾಗೇ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಕೆಳಗೆ ನಿಂತ ಸ್ಕೂಲಿನ ಕಾರನ್ನು ಒಂದು ಸುತ್ತು ಓಡಿಸಿ, ಆ ಸ್ಟೀರಿಂಗಿನ ಹದ ಕೈಯಿಂದ ಆರುವ ಮೊದಲೇ ಮೇಲೆ ಬಂದು ಆಟದ ಸ್ಟೀರಿಂಗಿನ ಜೊತೆ ಹೋಲಿಸಿ ನೋಡುವುದು ಅವರ ಪದ್ಧತಿ. ನಡುವೆ ಬೇರೆ ಏನನ್ನು ಮುಟ್ಟಿದರೂ ಕೈ ಮರೆತುಬಿಡುತ್ತದಂತೆ. ಒಮ್ಮೆ ಯಾರೋ ಪ್ರೀತಿಯಿಂದ ಚಹಾದ ಗ್ಲಾಸು ಕೈಗೆ ತುರುಕಿದ್ದಕ್ಕೆ, “ಹಾಳು ಮಾಡ್ದೆ ಮಾರಾಯಾ! ಈಗ ಮತ್ತೆ ಶುರುವಿಂದ!” ಎಂದು ಕೂಗಿ, ಚಹಾ ಕುಡಿದು, ಮತ್ತೆ ಕಾರಿನತ್ತ ಹೋದರು.

ಆ ಯಂತ್ರದ ಕಥೆ ಇಷ್ಟು. ಸ್ಕೂಲಿನ ಮಾಲಕರ ಮಗ ಕಾರ್ ರೇಸಿನ ಆಟಕ್ಕೆಂದು ತರಿಸಿಕೊಂಡದ್ದು: ಮೋಟರ್ ಇರುವ ಸ್ಟೀರಿಂಗ್, ಕಾಲಿಗೆ ಮೂರು ಪೆಡಲ್, ಒಂದು ಗೇರ್, ದೊಡ್ಡ ಟಿವಿ. ಮಗನಿಗೆ ಬೇಸರ ಬಂದ ಮೇಲೆ ಮಾಲಕರು ಅದನ್ನು ಸ್ಕೂಲಿನ ಮಹಡಿಗೆ ಸಾಗಿಸಿದರು. ಹೊಸಬರು ಮೊದಲು ಇದರ ಮೇಲೆ ಕೈ ಪಳಗಿಸಿಕೊಂಡರೆ ಕಾರಿನ ಬಂಪರ್ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಆದದ್ದು ಉಲ್ಟಾ. ಅದರ ಮೇಲೆ ಕಲಿತವರು ನಿಜವಾದ ಕಾರನ್ನು ಇನ್ನೂ ಕೆಟ್ಟದಾಗಿ ಓಡಿಸಿದರು. ಕಾರಣ ಹುಡುಕಿದವರು ಮಾಸ್ತರರೇ. ಕಾರಿನ ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ ಮೂರು ಸುತ್ತು ತಿರುಗಿದರೆ ಆಟದ್ದು ಒಂದೇ ಸುತ್ತಿಗೆ ಮುಗಿದುಹೋಗುತ್ತಿತ್ತು. ರೇಸಿನವರಿಗೆ ಅದು ಸರಿ ಇರಬಹುದು. ಬೆಳಂಬಾರದ ಓಣಿಯಲ್ಲಿ ಎಮ್ಮೆ ಅಡ್ಡ ಬಂದಾಗ ಸರಿಯಲ್ಲ.

ಹಾಗೆ ಶುರುವಾಯಿತು ಅವರ ಹಟ. ಆಟದ ಸೆಟ್ಟಿಂಗ್ ಪುಟದಲ್ಲಿ ಇಪ್ಪತ್ತು ಸಾಲುಗಳಿದ್ದವು, ಎಲ್ಲ ಇಂಗ್ಲಿಷಿನಲ್ಲಿ. ಮಾಸ್ತರರು ಹಾರವಾಡದ ಮೀನುಗಾರರ ಮನೆಯವರು. ಹರೆಯವೆಲ್ಲ ಮೀನಿನ ಲಾರಿ ಹೊಡೆದು, ಅರಬೈಲ್ ಘಟ್ಟ ಹತ್ತಿಳಿದು, ಆಮೇಲೆ ಡ್ರೈವಿಂಗ್ ಕಲಿಸಲು ಬಂದವರು. ಇಂಗ್ಲಿಷ್ ಅಷ್ಟಕ್ಕಷ್ಟೇ. ಒಂದೊಂದೇ ಸಾಲಿನ ಅಂಕಿ ಬದಲಿಸುವುದು, ಕೈಗೆ ಏನಾಯಿತು ನೋಡುವುದು, ಪೆನ್ಸಿಲಿನಲ್ಲಿ ನೋಟ್‌ಬುಕ್ಕಿಗೆ ಬರೆಯುವುದು. ಆ ನೋಟ್‌ಬುಕ್ಕನ್ನು ನಾನು ಓದಿದ್ದೇನೆ. ‘ನಲವತ್ತು: ಸತ್ತ ಬಂಗಡೆ ಮೀನು ಹಿಡಿದಂಗೆ.’ ‘ತೊಂಬತ್ತು: ಜಗಳಕ್ಕೆ ಬತ್ತದೆ.’ ‘ಎರಡು ಸಾಲು ಒಟ್ಟಿಗೆ ಬದಲು ಮಾಡಬಾರದು, ಯಾರು ಮಾಡಿದ್ದು ಹೇಳಿ ಗೊತ್ತಾಗೂದಿಲ್ಲ.’

ನಾನು ಹಟ್ಟಿಕೇರಿಯವಳು. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನಲವತ್ತು ದಾಟಿದ ಮೇಲೆ ಕಾರು ಕಲಿಯುವ ಶೋಕಿ ನನಗೇನೂ ಇರಲಿಲ್ಲ. ಆಯಿಯ, ಎಂದರೆ ನನ್ನ ಅಮ್ಮನ, ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಕಾರವಾರಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಹೋಗುವಾಗ ಬಸ್ಸು ಹೇಗೋ ಆಗುತ್ತಿತ್ತು. ಬರುವಾಗ ಆಯಿಗೆ ನಿಲ್ಲಲು ತ್ರಾಣ ಇರುತ್ತಿರಲಿಲ್ಲ. ಒಂದು ದಿನ ಕಾರವಾರದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿ, “ಇನ್ನು ಸಾಕು, ನಾ ಬರೂದಿಲ್ಲ. ಮನೇಲೇ ಇರ್ತೆ, ಆದದ್ದಾಗ್ಲಿ,” ಎಂದುಬಿಟ್ಟಳು. ಬರದಿದ್ದರೆ ಎಷ್ಟು ದಿನ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಗೋವಾದಲ್ಲಿರುವ ಅಣ್ಣ ತನ್ನ ಹಳೇ ಕಾರನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿಹೋದ. ಓಡಿಸುವವರು ಬೇಕಲ್ಲ? ಅದಕ್ಕೇ ಅಂಕೋಲೆಗೆ ಹೋದೆ.

ಯಂತ್ರದ ಮುಂದೆ ಕೂರಿಸಿದ ಮೊದಲ ದಿನ ಅವರು ನನಗೆ ರಸ್ತೆ ತೋರಿಸಲಿಲ್ಲ. “ಟಿವಿ ನೋಡ್ಬೇಡ ತಂಗಿ. ಕೈಗೆ ಎಂತ ಗೊತ್ತಾಗ್ತದೆ ಅದು ಹೇಳು,” ಎಂದರು. ನಾನು ಗಡಗಡ ನಡುಗುತ್ತಿದೆ ಎಂದೆ. “ಹಾಂ, ಅದು ಆಟದವ್ರು ಮಜಾಕ್ಕೆ ಇಟ್ಟಿದ್ದು,” ಎಂದು ಆ ನಡುಕದ ಅಂಕಿಯನ್ನು ಸೊನ್ನೆಗೆ ತಂದರು. ಮೋಟರಿನ ಜೋರನ್ನು ಪೂರ್ತಿ ಏರಿಸಿ, ಆಮೇಲೆ ಅರ್ಧಕ್ಕೆ ಇಳಿಸಿ, ಎರಡನ್ನೂ ಹಿಡಿಸಿದರು. ಪೂರ್ತಿ ಜೋರಿನಲ್ಲಿ ಸಣ್ಣ ಕಲ್ಲಿಗೂ ದೊಡ್ಡ ಗುಂಡಿಗೂ ಸ್ಟೀರಿಂಗ್ ಒಂದೇ ಸಮ ಒದೆಯುತ್ತಿತ್ತು. ಅರ್ಧಕ್ಕೆ ಇಳಿಸಿದಾಗ ಕಲ್ಲು ಕಲ್ಲಿನ ಹಾಗೆ, ಗುಂಡಿ ಗುಂಡಿಯ ಹಾಗೆ ತಿಳಿಯಿತು. “ಎಲ್ಲದ್ಕೂ ಕೂಗ್ತಾ ಇದ್ರೆ ಖರೇ ಕೂಗು ಯಾವ್ದು ಹೇಳಿ ಹೆಂಗೆ ಗೊತ್ತಾಗೂದು?” ಎಂದರು. ಹೊಲಿಗೆ ಯಂತ್ರದಲ್ಲಿ ದಾರದ ಬಿಗಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವವಳು ನಾನು. ಅವತ್ತೇ ಈ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು, ಸುಳ್ಳು ಹೇಳುವುದಿಲ್ಲ.

ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನಡುವಿಗೆ ಬರಬೇಕು. ಆದರೆ ಬಡಿದುಕೊಂಡು ಬರಬಾರದು. ಈ ಒಂದು ಹದಕ್ಕೇ ಅವರು ಹನ್ನೆರಡು ದಿನ ತೆಗೆದುಕೊಂಡಿದ್ದರಂತೆ. ನಾನು ಬೆರಳು ಸಡಿಲಿಸಿದೆ, ಸ್ಟೀರಿಂಗ್ ಅಂಗೈಯೊಳಗೆ ಜಾರಿಕೊಂಡು ತನ್ನ ಜಾಗಕ್ಕೆ ಬಂತು. ಅದೇ ದಿನ ಸಂಜೆ ಕಾರಿನಲ್ಲೂ ಹಾಗೇ ಬಂತು. “ಅಯ್ಯೋ, ಇದು ಅದೇ!” ಎಂದು ಕೂಗಿದೆ. ಮಾಸ್ತರರು ನಗಲಿಲ್ಲ; ಆದರೆ ಎದುರಿನ ಗಾಜಿನಲ್ಲಿ ಅವರ ಹುಬ್ಬು ಮೇಲೇರಿದ್ದನ್ನು ನೋಡಿದೆ. ಎರಡು ತಿಂಗಳಿಗೆ ಅದೇ ಸ್ಕೂಲಿನ ಕಾರಿನಲ್ಲಿ ಪರೀಕ್ಷೆ ಕೊಟ್ಟು ಲೈಸನ್ಸು ತೆಗೆದುಕೊಂಡೆ.

ಮರುವಾರ ಅಣ್ಣನ ಕಾರಿನಲ್ಲಿ ಆಯಿಯನ್ನು ಕೂರಿಸಿಕೊಂಡು ಹೊರಟೆ. ಹೆದ್ದಾರಿಗೆ ಹತ್ತಿದ್ದೇ ತಡ, ಗಾಡಿ ಬಲಕ್ಕೆ ಸರಿಯತೊಡಗಿತು. ಎಳೆದುಕೊಂಡೆ. ಮತ್ತೆ ಬಲಕ್ಕೆ. ಅವರ್ಸೆ ಊರು ದಾಟಿದ ಮೇಲೆ ಮುಂದಿನ ಚಕ್ರ ಡಿವೈಡರಿಗೆ ಉಜ್ಜಿ ಕರ್ರೆಂದಿತು. ಬ್ರೇಕು ಒತ್ತಿದ ರಭಸಕ್ಕೆ ಆಯಿಯ ಡಯಾಲಿಸಿಸ್ ಸೂಜಿ ಚುಚ್ಚುವ ಕೈ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದುಹೋದ. ನೋವು ತಿಂದುಕೊಂಡು ಆಯಿ, “ಹೆದ್ರಬೇಡ, ಹೋಗು,” ಎಂದಳು. ಹೇಗೋ ಹೋಗಿ ಬಂದೆವು. ಕಾರಿನ ಕೀಲಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದವಳು ಹದಿನೈದು ದಿನ ಅದರತ್ತ ನೋಡಲಿಲ್ಲ. ಮತ್ತೆ ಬಸ್ಸು, ಮತ್ತೆ ಆ ಬೆಂಚು. ಆ ಹದಿನೈದು ದಿನದಲ್ಲಿ ಆಯಿ ಎರಡು ಸಲ ಹೋಗುವುದನ್ನು ತಪ್ಪಿಸಿದಳು, ಕಾಲು ಬಾತುಕೊಂಡಿತು.

ಮಾಸ್ತರರಿಗೆ ಫೋನು ಮಾಡಿ, “ನಂಗೆ ಇದೆಲ್ಲ ಆಗೂದಿಲ್ಲ ಮಾಸ್ತರೇ. ನೀವು ಸುಮ್ನೆ ಕಷ್ಟಪಟ್ರಿ,” ಎಂದು ಅತ್ತೆ. “ಗಾಡಿ ಯಾವ ಬದಿಗೆ ಹೋಯ್ತು?” ಎಂದಷ್ಟೇ ಕೇಳಿದರು. ಬಲಕ್ಕೆ ಎಂದೆ. “ಪ್ರತೀ ಸಲ ಬಲಕ್ಕೇಯಾ?” ಹೌದು ಎಂದೆ. ಫೋನು ಇಟ್ಟುಬಿಟ್ಟರು. ಎಂಥ ಮನುಷ್ಯ, ಸಮಾಧಾನದ ಒಂದು ಮಾತೂ ಇಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಿಂತಿದ್ದರು. ಬಸ್ಸಿಳಿದು ಬಿಸಿಲಲ್ಲಿ ನಡೆದುಬಂದಿದ್ದರು, ಆ ಮಂಡಿನೋವು ಇಟ್ಟುಕೊಂಡು. ಆಯಿ ಕೊಟ್ಟ ನೀರನ್ನೂ ಕುಡಿಯದೆ ಕೀಲಿ ಕೇಳಿದರು. ಊರೊಳಗಿನ ಸಪಾಟಾದ ರಸ್ತೆಯಲ್ಲಿ ನನ್ನನ್ನೇ ಕೂರಿಸಿ ಗಾಡಿ ನಿಧಾನ ಬಿಡಿಸಿ, “ಎರಡೂ ಕೈ ಎತ್ತು,” ಎಂದರು. ಎತ್ತಿದೆ. ಕಾರು ಗೆರೆ ಎಳೆದ ಹಾಗೆ ನೇರ ಹೋಯಿತು. “ಈಗ ಹಿಡಿ.” ಹಿಡಿದೆ. ಬಲಕ್ಕೆ ಹೋಯಿತು. ಅವರು ನನ್ನನ್ನು ಇಳಿಸಿ ತಾವು ಕೂತರು. ಮೂರು ದಶಕ ಗಾಡಿ ಹೊಡೆದವರು. ಆದರೂ ಹೊರಟ ಕೂಡಲೇ ಕಾರಿನ ಮೂತಿ ಬಲಕ್ಕೆ ತಿರುಗಿತು, ಅವರು ಎಳೆದುಕೊಂಡರು, ಮತ್ತೆ ತಿರುಗಿತು. ನಾನು ಸುಮ್ಮನಿರುವವಳೇ ಅಲ್ಲ. “ಮಾಸ್ತರೇ, ನೀವೂ ಬಲಕ್ಕೇ ಹೋಗ್ತೀರಲ್ಲ!” ಎಂದೆ.

ಗಾಡಿ ನಿಲ್ಲಿಸಿದರು. ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ನಿನ್ನೆ ಫೋನಿನಲ್ಲೇ ಸಂಶಯ ಬಂದಿತ್ತಂತೆ. ಸ್ಕೂಲಿನ ಕಾರನ್ನು ವರ್ಷಗಟ್ಟಲೆ ಹೊಸಬರು ಕಟ್ಟೆಗೆ, ಕಲ್ಲಿಗೆ ಗುದ್ದಿ ಗುದ್ದಿ ಅದು ಸ್ವಲ್ಪಸ್ವಲ್ಪವೇ ಎಡಕ್ಕೆ ಎಳೆಯತೊಡಗಿತ್ತು. ದಿನವೂ ಅದನ್ನೇ ಓಡಿಸುವ ಅವರ ಕೈ, ಸ್ಟೀರಿಂಗನ್ನು ಚೂರು ಬಲಕ್ಕೆ ಹಿಡಿಯುವುದನ್ನೇ ನೇರ ಎಂದು ತಿಳಿದುಕೊಂಡಿತ್ತು. ಯಂತ್ರದಲ್ಲಿ ನಡುವಿನ ಜಾಗ ಗುರುತಿಸುವ ಸಾಲು ಬಂದಾಗ ಆ ಕೈಯನ್ನೇ ನಂಬಿ ಅಂಕಿ ಹಾಕಿದ್ದರು. ಅಷ್ಟು ಸಲ ಮೆಟ್ಟಿಲು ಹತ್ತಿಳಿದು, ಕಾರಿನ ದೋಷವನ್ನೇ ಜೋಪಾನವಾಗಿ ಹೊತ್ತುತಂದು ಯಂತ್ರಕ್ಕೆ ಕಲಿಸಿದ್ದರು, ಯಂತ್ರ ನಮಗೆ ಕಲಿಸಿತ್ತು.

“ತಪ್ಪು ನಿಂದಲ್ಲ ತಂಗಿ,” ಎಂದರು. “ನಾ ಕಲ್ಸಿದಂಗೇ ನೀ ಓಡ್ಸಿದ್ದೆ. ಕಲ್ಸಿದ್ದೇ ತಪ್ಪು.” ಆಮೇಲೆ ಇಳಿದು ಮನೆಗೆ ಬಂದು, ಜಗಲಿಯಲ್ಲಿ ಕೂತಿದ್ದ ಆಯಿಯ ಎದುರು ನಿಂತು ಕೈಮುಗಿದರು. “ಅಕ್ಕಾ, ನಿಮ್ಮ ಮಗಳಿಗೆ ಹೆದರಿಕೆ ಹುಟ್ಸಿದವ ನಾನು. ನಿಮ್ಮ ಕೈಗೆ ನೋವಾದದ್ದೂ ನನ್ನಿಂದ್ಲೇ.” ಆಯಿ ಗಾಬರಿಯಾಗಿ, “ಅಯ್ಯಯ್ಯೋ, ಅದ್ಕೆಲ್ಲ ಎಂತಕೆ ಕೈ ಮುಗಿತ್ರಿ! ಕೂತ್ಕಳಿ, ಗಂಜಿ ಉಣ್ಣಿ,” ಎಂದಳು. ನನಗೆ ಕಲಿಸಿದವರು ಹಲವರಿದ್ದರು, ಶಾಲೆಯಲ್ಲಿ, ಹೊಲಿಗೆ ಕ್ಲಾಸಿನಲ್ಲಿ. ತಪ್ಪು ನಿನ್ನದಲ್ಲ ಎಂದು ಹೇಳಲು ಬಿಸಿಲಲ್ಲಿ ನಡೆದುಬಂದವರು ಇವರೊಬ್ಬರೇ.

ಅಷ್ಟಕ್ಕೇ ಬಿಡಲಿಲ್ಲ. ಯಂತ್ರದ ಮೇಲೆ ಕಲಿತ ಎಲ್ಲರಿಗೂ ಫೋನು ಮಾಡಿ ಒಂದು ಭಾನುವಾರ ಸ್ಕೂಲಿಗೆ ಕರೆಸಿದರು. ಮಾಲಕರು ಬೇಡವೆಂದರು, ಸ್ಕೂಲಿನ ಹೆಸರು ಹೋಗುತ್ತದೆ, ಸದ್ದಿಲ್ಲದೆ ಸರಿಮಾಡಿ ಎಂದರು. “ಹೆಸ್ರು ಹೋದ್ರೆ ಹೋಗ್ಲಿ. ಇವ್ರು ಬಲಕ್ಕೆ ಹೋಗೂದು ಬ್ಯಾಡ,” ಎಂದು ಇವರು ಎಲ್ಲರೆದುರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಒಬ್ಬಿಬ್ಬರು ಕಿಸಕ್ಕೆಂದು ನಕ್ಕರು. ಇನ್ನೊಬ್ಬಳು ಎದ್ದು ನಿಂತು, ತನಗೂ ಹಾಗೇ ಆಗಿ ತಿಂಗಳಿಂದ ಗಾಡಿ ಮುಟ್ಟಿಲ್ಲ, ಗಂಡ ‘ನಿನ್ನ ಹಣೆಬರಹ’ ಎಂದು ಹಂಗಿಸುತ್ತಾನೆ ಎಂದಳು. ಆಮೇಲೆ ಯಾರೂ ನಗಲಿಲ್ಲ.

ಸ್ಕೂಲಿನ ಕಾರು ಗ್ಯಾರೇಜಿಗೆ ಹೋಯಿತು. ಅದು ಬರುವವರೆಗೆ ನನ್ನ ಕಾರನ್ನು ಕೇಳಿ ಇಸಿದುಕೊಂಡು, ಅದೇ ಮೆಟ್ಟಿಲು, ಅದೇ ಎತ್ತಿದ ಕೈ. ಈ ಸಲ ಒಂದು ಹೊಸ ನಿಯಮ: ತಮ್ಮ ಕೈಯೊಂದನ್ನೇ ನಂಬದೆ ನಮ್ಮನ್ನೂ ಹತ್ತಿಳಿಸಿದರು. ನನ್ನ ಕೈಗೆ ಸರಿ, ಆ ಇನ್ನೊಬ್ಬಳ ಕೈಗೆ ಸರಿ, ಅವರ ಕೈಗೂ ಸರಿ ಎಂದಾದ ಮೇಲೇ ಅಂಕಿ ಬರೆದುಕೊಂಡರು. ಆ ವಯಸ್ಸಿನಲ್ಲಿ ನಮ್ಮ ಜೊತೆ ಕೂತು ನೇರ ಎಂದರೇನೆಂದು ಮತ್ತೆ ಕಲಿತರು, ನಾಚಿಕೆಪಡಲಿಲ್ಲ.

ನಾನು ಮತ್ತೆ ಆಯಿಯನ್ನು ಕರೆದುಕೊಂಡು ಹೊರಟೆ. ಮೊದಮೊದಲು ಆಯಿ ಬಾಗಿಲ ಹಿಡಿಕೆ ಬಿಡುತ್ತಿರಲಿಲ್ಲ. ಆಮೇಲೆ ಬಿಟ್ಟಳು. ಆಮೇಲೆ ಬರುವಾಗ ದಾರಿಯುದ್ದಕ್ಕೂ ಮಾತು. ಎರಡು ವರ್ಷವಾಯಿತು, ಒಂದು ದಿನವೂ ತಪ್ಪಿಸಿಲ್ಲ. ಎರಡು ವರ್ಷ ಹೆಚ್ಚಿಗೆ ನನ್ನ ಆಯಿ ನನಗೆ ಸಿಕ್ಕಿದ್ದಾಳೆ. ಇದನ್ನು ಯಾರಿಗೆ ಹೇಗೆ ತೀರಿಸುವುದು, ನೀವೇ ಹೇಳಿ.

ಹೋದ ಶ್ರಾವಣದಲ್ಲಿ, ಕಾರವಾರದಲ್ಲಿ ಆಯಿಯ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಮಾಲಕರ ಫೋನು ಬಂತು. ಮಾಸ್ತರರು ಬೆಳಿಗ್ಗೆ ಚಹಾ ಕುಡಿದು ಎದ್ದವರು ಹಾಗೇ ಕುಸಿದರಂತೆ. ಎದೆನೋವು. ಆಸ್ಪತ್ರೆಯವರೆಗೂ ಉಳಿಯಲಿಲ್ಲ. ನಾನು ವರಾಂಡದಲ್ಲಿದ್ದೆ. ಒಳಗೆ ಆಯಿಯ ಬಿ.ಪಿ. ಇಳಿದಿತ್ತು, ಈಗ ಹೇಳುವ ಹಾಗಿರಲಿಲ್ಲ. ಮುಖ ತೊಳೆದುಕೊಂಡು ಬಂದು ಅವಳನ್ನು ಕೂರಿಸಿಕೊಂಡು ಹೊರಟೆ. ಬಿಣಗಾದ ಹತ್ತಿರ ಮಳೆ ಹಿಡಿಯಿತು. ಅಮದಳ್ಳಿ ಬರುವಷ್ಟರಲ್ಲಿ ಆಯಿ ನಿದ್ದೆಹೋಗಿದ್ದಳು. ನನ್ನ ಮನಸ್ಸೆಲ್ಲ ಅಂಕೋಲೆಯಲ್ಲಿತ್ತು. ಕೈ ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ರಸ್ತೆಯ ನೀರು, ಗುಂಡಿ, ಸೇತುವೆಯ ಸಂದು, ಒಂದೊಂದೂ ಬೇರೆಬೇರೆಯಾಗಿ ಅಂಗೈಗೆ ತಿಳಿಯುತ್ತಿತ್ತು. ಅವಳ ತಲೆ ಒಮ್ಮೆಯೂ ವಾಲಲಿಲ್ಲ.

ಅಂಗಳದಲ್ಲಿ ಗಾಡಿ ನಿಂತ ಮೇಲೇ ಅವಳಿಗೆ ಎಚ್ಚರ. “ಬಂದೇ ಬಿಟ್ವಾ? ನಂಗೆ ಗೊತ್ತೇ ಆಗ್ಲಿಲ್ಲ,” ಎಂದವಳು ನನ್ನ ಮುಖ ನೋಡಿ, “ಎಂತ ಆಯ್ತೇ?” ಎಂದಳು.

ಹೇಳಿದೆ. ಹೇಳುತ್ತ ಹೇಳುತ್ತ ಅಳು ಒತ್ತರಿಸಿ ಬಂತು, ತಡೆಯಲು ಹೋಗಲಿಲ್ಲ. ಆಯಿ ತನ್ನ ಪಟ್ಟಿ ಕಟ್ಟಿದ ಕೈಯನ್ನು ನನ್ನ ಬೆನ್ನ ಮೇಲೆ ಇಟ್ಟಳು. ಆಮೇಲೆ ಕೇಳಿದಳು:

“ಕಾರವಾರದಲ್ಲೇ ಗೊತ್ತಾಗಿತ್ತಾ ನಿಂಗೆ? ಮತ್ತೆ ಅಲ್ಲಿಂದ ಇಲ್ಲಿ ತನ್ಕ ಹೆಂಗೆ ಓಡ್ಸ್ಕಂಡು ಬಂದ್ಯೇ, ನಂಗೆ ಎಚ್ರಾಗ್ದಂಗೆ?”

“ಅವ್ರು ಕಲ್ಸಿದಂಗೇ, ಆಯಿ,” ಎಂದೆ.