ಸೊನ್ನೆ ತಪ್ಪಿದ ಮೈಕ್ರೋಮೀಟರ್

ತುಮಕೂರಿನ ಬಟವಾಡಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನದು ಅಳತೆ ನೋಡುವ ಕೆಲಸ. ಲೇತಿನಿಂದ ಇಳಿದ ಪ್ರತಿಯೊಂದು ಭಾಗವೂ ನನ್ನ ಸಹಿ ಬಿದ್ದ ಮೇಲೆಯೇ ಹೊರಗೆ ಹೋಗಬೇಕು. ಆ ವರ್ಷ ಬೆಂಗಳೂರಿನ ಒಂದು ಕಂಪನಿಗೆ ಕಿರುಬೆರಳುದ್ದದ ಪಿನ್ನುಗಳನ್ನು ಮಾಡಿಕೊಟ್ಟಿದ್ದೆವು. ಉಪಗ್ರಹದ ಸೋಲಾರ್ ರೆಕ್ಕೆ ಬಿಚ್ಚಿಕೊಳ್ಳುವ ಕೀಲಿಗೆ ಹಾಕುವ ಪಿನ್ನುಗಳು. ಗಡಿಯಾಚೆ ನಡೆಯುವುದನ್ನು ಸೈನ್ಯಕ್ಕೆ ತೋರಿಸುವ ಉಪಗ್ರಹವದು, ಹಾರಿದ ಮೇಲೆ ಮತ್ತೆ ನೆಲಕ್ಕಿಳಿಯುವ ರಾಕೆಟ್ಟಿನಲ್ಲಿ ಹೊರದೇಶದಿಂದ ಕಳಿಸುತ್ತಾರೆ ಎಂಬುದು ಪೇಪರಿನಲ್ಲಿ ಬಂದಾಗಲೇ ನಮಗೆ ಗೊತ್ತಾಗಿದ್ದು.

ಉಡಾವಣೆಗೆ ಹತ್ತು ದಿನ ಇದ್ದಾಗ, ಅಳತೆಯ ಉಪಕರಣಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವವರು ಬಂದರು. ದಪ್ಪ ಅಳೆಯುವ ನನ್ನ ಮೈಕ್ರೋಮೀಟರನ್ನು ತಿರುಗಿಸಿ ನೋಡಿ, "ಮೇಡಂ, ಇದ್ರ ಜೀರೋ ಸರ್ಕೊಂಡಿದೆ. ಕಮ್ಮಿ ತೋರಿಸ್ತಿದೆ. ಎಷ್ಟ್ ದಿನದಿಂದ ಹಿಂಗೇ ಅಳೀತಿದೀರಾ?" ಎಂದರು.

ದಿನವೂ ಬೆಳಿಗ್ಗೆ ಸೊನ್ನೆ ಸರಿ ಇದೆಯೇ ಎಂದು ನೋಡಿಯೇ ಅಳತೆ ಶುರು ಮಾಡಬೇಕು. ಪಿನ್ನುಗಳ ಕೊನೆಯ ಪೆಟ್ಟಿಗೆ ಬೆಂಗಳೂರಿಗೆ ಹೊರಟಿದ್ದ ವಾರ, ನಮ್ಮೂರು ಕೊತ್ತಗೆರೆಯಲ್ಲಿ ಅವ್ವ ಜಾರಿ ಬಿದ್ದು, ನಾನು ಕುಣಿಗಲ್ಲಿನ ಆಸ್ಪತ್ರೆಗೂ ತುಮಕೂರಿಗೂ ಓಡಾಡುತ್ತಿದ್ದೆ. ಆ ವಾರದಿಂದ ಸೊನ್ನೆ ನೋಡುವುದೇ ಬಿಟ್ಟುಹೋಗಿತ್ತು. ಅಳತೆಯ ಪುಸ್ತಕದಲ್ಲಿ ಮಾತ್ರ ದಿನವೂ 'ಸರಿ ಇದೆ' ಎಂದು ಬರೆದಿದ್ದೆ.

ವರ್ಕ್‌ಶಾಪಿನ ಯಜಮಾನರು ಗುಬ್ಬಿಯವರು. ಒಂದೇ ಒಂದು ಹಳೆಯ ಲೇತಿನಿಂದ ಶುರು ಮಾಡಿ ಹನ್ನೊಂದು ಜನಕ್ಕೆ ಕೆಲಸ ಕೊಟ್ಟವರು. ಅವರ ಮುಂದೆ ಹೋಗಿ, "ಬುಕ್ಕಲ್ಲಿ ಬರ್ದಿರೋದು ಸುಳ್ಳು ಸಾರ್" ಎಂದೆ. ಎಲ್ಲವನ್ನೂ ಹೇಳಿದೆ.

"ಅವ್ವ ಬಿದ್ದಿದ್ರು ಅಂತ ಅವತ್ತೇ ಹೇಳಿದ್ರೆ ರಜಾ ಕೊಡ್ತಿರ್ಲಿಲ್ವೇನಮ್ಮ ನಾನು?" ಎಂದು ಗದರಿದರು. ಆಮೇಲೆ ದನಿ ತಗ್ಗಿಸಿ, "ಇದನ್ನ ಅವರ್ಗೆ ಹೇಳಿದ್ರೆ ಮತ್ತೆ ನಮ್ಗೆ ಆರ್ಡರ್ ಕೊಡ್ತಾರಾ?" ಎಂದರು.

"ಮೇಲೆ ಹೋಗಿ ರೆಕ್ಕೆ ಬಿಚ್ಕೊಳ್ಳಿಲ್ಲ ಅಂದ್ರೆ ಸಾರ್?"

ಅವರು ಗೋಡೆಯ ಮೊಳೆಯಿಂದ ಕೀ ತೆಗೆದುಕೊಂಡರು. ಆಮೇಲೆ, "ಉಳ್ದಿರೋ ಪೀಸ್ ಎತ್ಕೊಂಡ್ ಬಾ" ಎಂದು ಸ್ಕೂಟರ್ ತೆಗೆದರು. ಕ್ಯಾತ್ಸಂದ್ರದ ಕಡೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಆ ವಾರದ ಮೂರು ಪಿನ್ನುಗಳನ್ನು ಅಳೆಸಿದೆವು. ಎರಡು ಸರಿ ಇದ್ದವು. ಮೂರನೆಯದು ಮಿತಿಗಿಂತ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಕಡಿಮೆಯೇ, ಆದರೂ ದಪ್ಪ. ಚಳಿಯಲ್ಲಿ ಕೀಲು ಬಿಗಿಯಲು ಅಷ್ಟೇ ಸಾಕು.

ಲ್ಯಾಬಿನ ಮೆಟ್ಟಿಲ ಮೇಲೆ ಕೂತೇ ಯಜಮಾನರು ಬೆಂಗಳೂರಿಗೆ ಫೋನ್ ಮಾಡಿದರು. "ತಪ್ಪು ನಮ್ದೇ ಸಾರ್" ಎಂದರು. ನನ್ನ ಹೆಸರು ಎತ್ತಲಿಲ್ಲ. ನಾಲ್ಕು ದಿನ ಬಿಟ್ಟು ಆ ಕಡೆಯಿಂದ ಉತ್ತರ ಬಂತು. ರೆಕ್ಕೆಯನ್ನು ಮೊದಲೇ ಕಡು ಚಳಿಯಲ್ಲಿಟ್ಟು ಪರೀಕ್ಷಿಸಿದ್ದಾಗ ಬಿಚ್ಚಿಕೊಂಡಿತ್ತಂತೆ. ಉಪಗ್ರಹ ಆಗಲೇ ರಾಕೆಟ್ಟಿನ ಮೂತಿಯೊಳಗೆ ಸೇರಿಯಾಗಿತ್ತು. ಇನ್ನು ತೆಗೆಯುವಂತಿರಲಿಲ್ಲ.

ಉಡಾವಣೆಯ ಬೆಳಿಗ್ಗೆ ಯಾರೂ ಮೆಷಿನ್ ಚಾಲೂ ಮಾಡಲಿಲ್ಲ. ಮೊಬೈಲನ್ನು ಎಣ್ಣೆ ಡಬ್ಬಕ್ಕೆ ಒರಗಿಸಿ ಸುತ್ತ ನಿಂತೆವು. ರಾಕೆಟ್ ಎದ್ದಿತು. ಸ್ವಲ್ಪ ಹೊತ್ತಿಗೆ ಅದರ ಕೆಳಭಾಗ ಬೆಂಕಿ ಉಗುಳುತ್ತ ವಾಪಸ್ ಬಂದು, ಕಾಲು ಚಾಚಿ ನೆಟ್ಟಗೆ ನಿಂತಿತು. "ನೋಡ್ರಲಾ, ಸಂಜೆ ಬಸ್ ಬಂದಂಗೆ ಬಂದು ನಿಂತ್ಕೊಂತು!" ಎಂದು ಲೇತ್ ಓಡಿಸುವ ಹಿರಿಯ ಟರ್ನರ್ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ನಮ್ಮ ಪಿನ್ನು ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಸೈನ್ಯದ ಉಪಗ್ರಹವೆಂದು ಮುಂದಿನದನ್ನು ತೋರಿಸದೆ ಚಿತ್ರ ನಿಲ್ಲಿಸಿಬಿಟ್ಟರು.

ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು. ಒಂದೇ ಪೀಸನ್ನು ನಾಲ್ಕು ಸಲ ಅಳೆದೆ. ಮೂರು ಗಂಟೆ ಸುಮಾರಿಗೆ ಯಜಮಾನರಿಗೆ ಫೋನ್ ಬಂತು. ಎದ್ದು ನಿಂತು ಕೇಳಿಸಿಕೊಂಡರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಎರಡ್ ರೆಕ್ಕೇನೂ ಬಿಚ್ಕೊಂಡ್ವಂತೆ ಕಣಮ್ಮ" ಎಂದರು. "ಒಂದು ಸ್ವಲ್ಪ ತಡ ಆಯ್ತಂತೆ."

ಸ್ಟೂಲಿನ ಮೇಲೆ ಕುಸಿದು ಕೂತು, ಎಲ್ಲರೆದುರೇ ಅತ್ತುಬಿಟ್ಟೆ.

ಆ ತಡಕ್ಕೆ ನಮ್ಮ ಪಿನ್ನೇ ಕಾರಣವೋ ಅಲ್ಲವೋ, ಯಾರೂ ಹೇಳಲಿಲ್ಲ. ಮುಂದಿನ ಆರ್ಡರ್ ಬೇರೆಯವರ ಪಾಲಾಯಿತು. ಆರು ತಿಂಗಳು ನಾವು ಬೋರ್‌ವೆಲ್ ಪಂಪಿನ ಭಾಗಗಳನ್ನೇ ಮಾಡಿದೆವು. ಆಮೇಲೊಂದು ದಿನ ಆ ಕಂಪನಿಯ ಇಬ್ಬರು ಬಂದು, ಪುಸ್ತಕಗಳನ್ನೆಲ್ಲ ತಿರುವಿಹಾಕಿ, ನನ್ನನ್ನು ಎರಡು ತಾಸು ವಿಚಾರಿಸಿದರು. ನಾನು ಯಾವುದನ್ನೂ ಮುಚ್ಚಿಡಲಿಲ್ಲ. ಹೋಗುವಾಗ, ನಾವು ಮಾಡಿಕೊಡಬೇಕಾದ ಒಂದು ಸಣ್ಣ ಭಾಗದ ಡ್ರಾಯಿಂಗನ್ನು ಮೇಜಿನ ಮೇಲೆ ಬಿಟ್ಟು ಹೋದರು.